ಹಳೆಯ ಸ್ಯಾಕ್ಸೋಫೋನ್ ಖರೀದಿ: ಹೊಳಪಿಗಿಂತ ಉಸಿರು ಮುಖ್ಯ

ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆ ಕಳೆಯಿತೆಂದರೆ ತುಳುನಾಡಿನಲ್ಲಿ ಉತ್ಸವಗಳ ಋತು ಮುಗಿಯಿತೆಂದೇ ಅರ್ಥ. ದೇವಾಲಯಗಳ ಜಾತ್ರೆ, ದೈವಗಳ ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲಕ್ಕೂ ದೀಪಾವಳಿಯವರೆಗೆ ಬಿಡುವು. ಆ ತಿಂಗಳುಗಳಲ್ಲಿ ವಾದ್ಯ ನುಡಿಸಿ ಜೀವನ ಸಾಗಿಸುವ ಕಲಾವಿದನ ಸಂಪಾದನೆ ಇಳಿಯುತ್ತದೆ. ಕಳೆದ ಋತುವಿನ ಉಳಿತಾಯ ಮಾತ್ರ ಕೈಯಲ್ಲಿರುತ್ತದೆ. ಹೊಸ ವಾದ್ಯ ಕೊಳ್ಳುವ, ಇದ್ದುದನ್ನು ದುರಸ್ತಿಗೆ ಕೊಡುವ, ಮನೆಯ ಹಿರಿಯರು ಬಿಟ್ಟುಹೋದ ವಾದ್ಯವನ್ನು ಮಾರುವ ಮಾತುಕತೆಗಳು ನಡೆಯಲು ಅನುಕೂಲವಾದುದೂ ಈ ಬಿಡುವಿನ ಕಾಲವೇ.

ಇಂತಹ ಮಾತುಕತೆಗಳಲ್ಲಿ ಹಳೆಯ ಸ್ಯಾಕ್ಸೋಫೋನಿಗೆ ವಿಶೇಷ ಸ್ಥಾನವಿದೆ. ಅಮೆರಿಕ ಹಾಗೂ ಫ್ರಾನ್ಸ್ ದೇಶಗಳಲ್ಲಿ ಐವತ್ತು, ಎಪ್ಪತ್ತು, ಕೆಲವೊಮ್ಮೆ ನೂರು ವರ್ಷಗಳ ಹಿಂದೆ ತಯಾರಾದ ವಾದ್ಯಗಳು ಇಂದಿಗೂ ನುಡಿಯುತ್ತಿವೆ, ಇಂದಿಗೂ ಕೈಬದಲಾಗುತ್ತಿವೆ. ಕೆಲವಕ್ಕೆ ಹೊಸ ವಾದ್ಯಕ್ಕಿಂತ ಹೆಚ್ಚಿನ ಬೆಲೆಯಿದೆ. ಆದರೆ ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಎರಡು ಹಳೆಯ ವಾದ್ಯಗಳಲ್ಲಿ ಒಂದು ಲಕ್ಷಗಟ್ಟಲೆ ರೂಪಾಯಿ ಬಾಳಬಹುದು, ಇನ್ನೊಂದು ಗೋಡೆಯ ಅಲಂಕಾರಕ್ಕಷ್ಟೇ ಯೋಗ್ಯವಾಗಿರಬಹುದು. ಒಂದು ಋತುವಿನ ದುಡಿಮೆಯನ್ನು ಪೂರ್ತಿಯಾಗಿ ಸುರಿದು ಕೊಳ್ಳುವ ಯುವ ಕಲಾವಿದನಿಗೆ ಈ ವ್ಯತ್ಯಾಸವನ್ನು ಗುರುತಿಸುವ ಶಕ್ತಿ ಇರಬೇಕಾದುದು ಅತ್ಯವಶ್ಯ. ಮಾರುವ ಕುಟುಂಬಕ್ಕೂ ಅದು ಅಷ್ಟೇ ಮುಖ್ಯ. ತಮ್ಮ ಮನೆಯಲ್ಲಿರುವುದು ಎಂತಹ ವಸ್ತುವೆಂದು ತಿಳಿಯದೆ ಕಡಿಮೆ ಬೆಲೆಗೆ ಬಿಟ್ಟುಕೊಟ್ಟರೆ ನಷ್ಟ ಅವರದು.

ಬೆಲ್ಜಿಯಂನಿಂದ ಕರಾವಳಿಯವರೆಗೆ

ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ 1814ರಲ್ಲಿ ಜನಿಸಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ 1846ರಲ್ಲಿ ಫ್ರಾನ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದನು. ಶರೀರ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬೆತ್ತದಂತಹ ಸಸ್ಯದಿಂದ ಮಾಡಿದ ಒಂದೇ ಎಸಳಿನ ರೀಡಿನಿಂದ. ಆದುದರಿಂದ ಸಂಗೀತಶಾಸ್ತ್ರಜ್ಞರು ಇದನ್ನು ಕ್ಲಾರಿನೆಟ್‌ನ ಜೊತೆಗೆ ಮರದ ಸುಷಿರ ವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಮಿಲಿಟರಿ ಬ್ಯಾಂಡುಗಳ ಮೂಲಕ ಈ ವಾದ್ಯ ಜಗತ್ತಿನೆಲ್ಲೆಡೆ ಹಬ್ಬಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಶಾಸ್ತ್ರೀಯ ಸಂಗೀತದ ಮನ್ನಣೆ ದೊರಕಿಸಿಕೊಟ್ಟವರು ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಾದಕರ ಮನೆಯಲ್ಲಿ 1949ರಲ್ಲಿ ಜನಿಸಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಯುವುದನ್ನು ಕೇಳಿ ಮನಸೋತು, ಅದನ್ನೇ ಕೈಗೆತ್ತಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮನೇಡ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. 2019ರ ಅಕ್ಟೋಬರ್‌ನಲ್ಲಿ ನಿಧನರಾದರು. ಅವರ ಪ್ರಭಾವದಿಂದ ಕರಾವಳಿಯಲ್ಲಿ ಮದುವೆ ಮಂಟಪ, ದೇವರ ಬಲಿ, ನೇಮದ ಅಂಗಳಗಳಲ್ಲಿ ಸ್ಯಾಕ್ಸೋಫೋನ್ ಇಂದು ಪರಕೀಯವೆನಿಸುವುದಿಲ್ಲ. ಅನೇಕ ಕುಟುಂಬಗಳ ಜೀವನೋಪಾಯವೂ ಅದೇ ಆಗಿದೆ. ಇಲ್ಲಿ ಬಹುತೇಕ ಬಳಕೆಯಲ್ಲಿರುವುದು ಆಲ್ಟೋ ವರ್ಗದ ವಾದ್ಯ. ಮುಂದಿನ ವಿವರಣೆಯೆಲ್ಲ ಅದನ್ನೇ ಗಮನದಲ್ಲಿಟ್ಟುಕೊಂಡುದು.

ಮೊದಲನೆಯದು ಗುರುತು

ಬೆಲೆಯ ಮಾತಿಗೆ ಮುನ್ನ ವಾದ್ಯ ಯಾವುದೆಂಬುದು ಖಚಿತವಾಗಬೇಕು. ತಯಾರಕರ ಹೆಸರು ಬೆಲ್ ಎಂದು ಕರೆಯಲಾಗುವ ಅಗಲ ಬಾಯಿಯ ಮೇಲೆ ಕೆತ್ತಿರುತ್ತದೆ. ಕ್ರಮಸಂಖ್ಯೆ ಸಾಮಾನ್ಯವಾಗಿ ಶರೀರದ ಹಿಂಬದಿಯಲ್ಲಿ, ಹೆಬ್ಬೆರಳಿನ ಆಧಾರದ ಸುತ್ತಮುತ್ತ ಅಚ್ಚೊತ್ತಿರುತ್ತದೆ. ಪ್ರಮುಖ ತಯಾರಕರ ಕ್ರಮಸಂಖ್ಯೆಗಳಿಗೆ ಸರಿಹೊಂದುವ ವರ್ಷಗಳ ಪಟ್ಟಿಗಳು ಸುಲಭವಾಗಿ ದೊರೆಯುತ್ತವೆ. ಫ್ರಾನ್ಸಿನ ಸೆಲ್ಮರ್ ಸಂಸ್ಥೆಯ ಮಾರ್ಕ್ 6 ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1954ರಲ್ಲಿ ಆರಂಭವಾಗಿ 1970ರ ದಶಕದ ಮಧ್ಯಭಾಗದವರೆಗೆ ತಯಾರಾದ ಆಲ್ಟೋ ವಾದ್ಯಗಳಿಗೆ ಇಂದಿಗೂ ಅತಿ ಹೆಚ್ಚು ಬೇಡಿಕೆಯಿದೆ. ಬೇಡಿಕೆ ಇರುವಲ್ಲಿ ನಕಲಿಗೂ ಅವಕಾಶವಿರುತ್ತದೆ. ಹೆಸರು ಒಂದಾಗಿ ಸಂಖ್ಯೆ ಮತ್ತೊಂದು ಕಾಲವನ್ನು ಸೂಚಿಸುವುದಾದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣ ಒಂದು ಕಾಲಕ್ಕೆ ಈ ಉದ್ಯಮದ ತವರಾಗಿತ್ತು. ಕಾನ್, ಬುಶರ್, ಮಾರ್ಟಿನ್ ಮುಂತಾದ ಹೆಸರುಗಳೆಲ್ಲ ಅಲ್ಲಿಯವು. ಈ ತಯಾರಕರು ತಮ್ಮ ಹೆಸರಿನ ವಾದ್ಯಗಳ ಜೊತೆಗೆ ಬೇರೆ ಅಂಗಡಿಗಳ ಹೆಸರು ಕೆತ್ತಿದ ಸರಳ ಮಾದರಿಗಳನ್ನೂ ತಯಾರಿಸಿ ಕೊಡುತ್ತಿದ್ದರು. ಅಂತಹ ವಾದ್ಯ ಚೆನ್ನಾಗಿಯೇ ನುಡಿಯಬಹುದು. ಆದರೆ ಮೂಲ ಹೆಸರಿನ ವಾದ್ಯದ ಬೆಲೆಯನ್ನು ಅದಕ್ಕೆ ಕೊಡಲಾಗದು.

ಕಾನ್ ವಾದ್ಯಗಳ ವಿಷಯದಲ್ಲಿ ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ. ಅನೇಕ ವಾದ್ಯಗಳ ಬೆನ್ನಿನ ಮೇಲೆ 1914ನೆಯ ಇಸವಿ ಅಚ್ಚಾಗಿರುತ್ತದೆ. ಅದನ್ನು ಕಂಡು ವಾದ್ಯ ನೂರು ವರ್ಷಕ್ಕೂ ಹಳೆಯದೆಂದು ಮಾರುವವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ವಾಸ್ತವವಾಗಿ ಅದು ಸ್ವರರಂಧ್ರಗಳನ್ನು ರೂಪಿಸುವ ವಿಧಾನಕ್ಕೆ ದೊರೆತ ಪೇಟೆಂಟಿನ ದಿನಾಂಕ. ಆ ಬಳಿಕ ದಶಕಗಳ ಕಾಲ ತಯಾರಾದ ವಾದ್ಯಗಳ ಮೇಲೂ ಅದೇ ದಿನಾಂಕ ಮುಂದುವರಿಯಿತು. ವಯಸ್ಸು ತಿಳಿಸುವುದು ಕ್ರಮಸಂಖ್ಯೆಯೇ ಹೊರತು ಪೇಟೆಂಟಿನ ದಿನಾಂಕವಲ್ಲ.

ಬಾಗಿದ ಮೇಲ್ಕೊಳವೆ, ಅಂದರೆ ನೆಕ್, ಮೂಲದ್ದೇ ಎಂಬುದನ್ನೂ ನೋಡಬೇಕು. ಅನೇಕ ಸೆಲ್ಮರ್ ವಾದ್ಯಗಳಲ್ಲಿ ನೆಕ್‌ನ ಮೇಲೂ ಶರೀರದ ಕ್ರಮಸಂಖ್ಯೆಯೇ ಇರುತ್ತದೆ. ನಾದದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವ ಭಾಗ ಇದು. ಕಳೆದುಹೋಗಿ ಬೇರೊಂದನ್ನು ಜೋಡಿಸಿದ್ದರೆ ಬೆಲೆ ಗಣನೀಯವಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಮೋಸ: ಶ್ರುತಿ

1920ರ ದಶಕಕ್ಕೆ ಮುಂಚಿನ ಮತ್ತು ಆ ದಶಕದ ಅಮೆರಿಕನ್ ವಾದ್ಯಗಳಲ್ಲಿ ಕೆಲವನ್ನು ಏರು ಶ್ರುತಿಗೆ ತಯಾರಿಸಲಾಗಿತ್ತು. ಇಂದು ಜಗತ್ತಿನೆಲ್ಲೆಡೆ ಅಳತೆಗೋಲಾಗಿರುವ ಸ್ವರದ ಕಂಪನ ಸೆಕೆಂಡಿಗೆ 440. ಆ ವಾದ್ಯಗಳಲ್ಲಿ ಅದೇ ಸ್ವರ ಸುಮಾರು 457ಕ್ಕೆ ನಿಲ್ಲುತ್ತದೆ. ಎರಡರ ನಡುವಿನ ಅಂತರ ಹಾರ್ಮೋನಿಯಂನ ಒಂದು ಮನೆಯ ಮೂರನೆಯ ಎರಡು ಭಾಗದಷ್ಟು. ಕ್ರಮಸಂಖ್ಯೆಯ ಬಳಿ 'ಎಚ್' ಅಥವಾ 'ಎಚ್.ಪಿ.' ಎಂಬ ಅಕ್ಷರಗಳಿದ್ದರೆ ಅದು ಏರು ಶ್ರುತಿಯ ವಾದ್ಯ. 'ಎಲ್' ಅಥವಾ 'ಎಲ್.ಪಿ.' ಎಂದಿದ್ದರೆ ಇಂದಿನ ಶ್ರುತಿಯದು.

ಕರ್ನಾಟಕ ಸಂಗೀತದ ಕಲಾವಿದರು ಈ ದೋಷವನ್ನು ಸುಲಭವಾಗಿ ಗುರುತಿಸಲಾರದೆ ಹೋಗಲು ವಿಶೇಷ ಕಾರಣವಿದೆ. ಮಾರುವವರ ಮನೆಯಲ್ಲಿ ವಾದ್ಯವನ್ನು ಪರೀಕ್ಷಿಸುವಾಗ ಜೊತೆಗಿರುವುದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಅದರ ಗುಂಡಿ ತಿರುಗಿಸಿದರೆ ಶ್ರುತಿ ವಾದ್ಯಕ್ಕೆ ಬಂದು ಕೂಡುತ್ತದೆ. ಪಿಟೀಲಿನವರೂ ತಂತಿ ಬಿಗಿದು ಹೊಂದಿಸಿಕೊಳ್ಳಬಲ್ಲರು. ನೇಮದ ಅಂಗಳದಲ್ಲಿ ಜೊತೆಗಿರುವುದು ಚರ್ಮವಾದ್ಯಗಳಾದರೆ ಯಾರಿಗೂ ಏನೂ ಅನ್ನಿಸದು. ಆದರೆ ಇನ್ನೊಂದು ಸ್ಯಾಕ್ಸೋಫೋನಿನ ಜೊತೆ ಜೋಡಿಯಾಗಿ ನುಡಿಸುವ ದಿನ ಅಥವಾ ಕೀಬೋರ್ಡ್ ಇರುವ ವೇದಿಕೆ ಏರಿದ ದಿನ ಗುಟ್ಟು ರಟ್ಟಾಗುತ್ತದೆ. ಮೌತ್‌ಪೀಸನ್ನು ಹೊರಕ್ಕೆ ಎಳೆದು ಒಂದು ಸ್ವರವನ್ನು ಸರಿಪಡಿಸಿದರೆ ಉಳಿದ ಸ್ವರಗಳು ಪರಸ್ಪರ ಹೊಂದದೆ ಹೋಗುತ್ತವೆ. ಏಕೆಂದರೆ ಸ್ವರರಂಧ್ರಗಳ ಅಂತರವನ್ನೇ ಏರು ಶ್ರುತಿಗೆ ತಕ್ಕಂತೆ ಅಳೆದಿರಲಾಗುತ್ತದೆ. ಇದು ಯಾವ ದುರಸ್ತಿಗೂ ಬಗ್ಗದ ದೋಷ. ಆದುದರಿಂದ ಹಳೆಯ ವಾದ್ಯ ಪರೀಕ್ಷಿಸಲು ಹೊರಡುವವರು ಶ್ರುತಿ ತೋರಿಸುವ ಟ್ಯೂನರ್ ಯಂತ್ರವನ್ನು ತಪ್ಪದೆ ಒಯ್ಯಬೇಕು.

ಇದೇ ಬಗೆಯ ಇನ್ನೊಂದು ಗೊಂದಲ ಸಿ-ಮೆಲೊಡಿ ಎಂಬ ವರ್ಗದ್ದು. 1920ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ಜನಪ್ರಿಯವಾಗಿದ್ದ ಇದು ಗಾತ್ರದಲ್ಲಿ ಆಲ್ಟೋ ಮತ್ತು ಟೆನರ್‌ಗಳ ನಡುವಿನದು. ಇಂದು ಇದಕ್ಕೆ ಬೇಡಿಕೆ ಕಡಿಮೆ, ಬೆಲೆಯೂ ಕಡಿಮೆ. ಹೆಸರು ಕಾನ್ ಎಂದೋ ಬುಶರ್ ಎಂದೋ ಇದ್ದಮಾತ್ರಕ್ಕೆ ಆಲ್ಟೋದ ಬೆಲೆ ತೆತ್ತು ಇದನ್ನು ಮನೆಗೆ ತರುವಂತಾಗಬಾರದು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಹಳೆಯ ವಾದ್ಯವೊಂದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಂತೋಷಕ್ಕಿಂತ ಸಂಶಯವೇ ಮೊದಲು ಹುಟ್ಟಬೇಕು. ಹಿತ್ತಾಳೆ ಕಪ್ಪಾಗದಿರಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಲ್ಯಾಕರ್ ಐವತ್ತು ವರ್ಷಗಳಲ್ಲಿ ಬೆರಳು, ಅಂಗೈ ತಾಗುವೆಡೆಗಳಲ್ಲಿ ಸವೆದಿರುವುದು ಸಹಜ. ಅದು ದೋಷವೇ ಅಲ್ಲ. ಹೊಸದಾಗಿ ಲ್ಯಾಕರ್ ಹಚ್ಚುವ ಮುನ್ನ ಹಳೆಯದನ್ನು ತೆಗೆದು, ಲೋಹವನ್ನು ಚಕ್ರಕ್ಕೆ ಒಡ್ಡಿ ಉಜ್ಜುವುದುಂಟು. ಆಗ ಲೋಹವೂ ಸ್ವಲ್ಪ ತೆಳುವಾಗುತ್ತದೆ, ಕೆತ್ತನೆಯ ಅಂಚುಗಳು ಮೊಂಡಾಗುತ್ತವೆ, ಕ್ರಮಸಂಖ್ಯೆ ಮಸುಕಾಗುತ್ತದೆ. ಕೆತ್ತಿದ ಹೂಬಳ್ಳಿಯ ಮೇಲೆ ಬೆರಳಾಡಿಸಿದಾಗ ಗೆರೆಗಳು ಚುರುಕಾಗಿ ತಾಗದಿದ್ದರೆ, ಹಳೆಯ ಗೀರು ಮತ್ತು ಕಲೆಗಳು ಹೊಸ ಲ್ಯಾಕರಿನ ಅಡಿಯಲ್ಲಿ ಮುಚ್ಚಿಹೋದಂತೆ ಕಂಡರೆ ವಾದ್ಯ ಈ ಸಂಸ್ಕಾರಕ್ಕೆ ಒಳಗಾಗಿದೆಯೆಂದು ತಿಳಿಯಬೇಕು. ಅದರಿಂದ ನುಡಿಸಲು ಅಡ್ಡಿಯಾಗದಿರಬಹುದು. ಸಂಗ್ರಾಹಕರ ದೃಷ್ಟಿಯಲ್ಲಿ ಮಾತ್ರ ಬೆಲೆ ಇಳಿಯುತ್ತದೆ.

ಬೆಳ್ಳಿ ಲೇಪದ ವಾದ್ಯ ಕಪ್ಪಾಗಿದ್ದರೆ ಗಾಬರಿ ಅನಗತ್ಯ. ಮನೆಯ ಬೆಳ್ಳಿ ತಂಬಿಗೆ ಕಪ್ಪಾದಂತೆಯೇ ಅದು, ತಿಕ್ಕಿದರೆ ಹೋಗುತ್ತದೆ. ಲೇಪವೇ ಸವೆದು ಅಡಿಯ ಹಿತ್ತಾಳೆ ಕಾಣಿಸಿಕೊಂಡಿದ್ದರೆ ಅದು ಬೇರೆ ಮಾತು. ಅಂತೆಯೇ ಹಸಿರು ಕಿಲುಬು ಮೇಲ್ಮೈಯಲ್ಲಿದ್ದರೆ ಒರೆಸಬಹುದು.

ನಿಜವಾಗಿ ಎಚ್ಚರ ವಹಿಸಬೇಕಾದುದು ಕೆಂಪು ಚುಕ್ಕೆಗಳ ಬಗ್ಗೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಸಿರಿನ ತೇವ ಮತ್ತು ಜೊಲ್ಲಿನ ಆಮ್ಲದಿಂದ ಸತು ಕರಗಿಹೋದೆಡೆ ತಾಮ್ರ ಮಾತ್ರ ಉಳಿದು ಲೋಹ ಟೊಳ್ಳಾಗುತ್ತದೆ. ಗುಲಾಬಿ ಬಣ್ಣದ ವರ್ತುಲ, ನಡುವೆ ಕಪ್ಪು ಚುಕ್ಕೆ: ಇದು ಅದರ ಲಕ್ಷಣ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಉಸಿರು ಮೊದಲು ತಾಗುವ ನೆಕ್‌ನಲ್ಲಿ. ಒಂದೆರಡು ಚುಕ್ಕೆಗಳಿದ್ದರೆ ವಾದ್ಯ ಇನ್ನೂ ದೀರ್ಘಕಾಲ ಬಾಳೀತು. ನೆಕ್‌ನ ಒಳಭಾಗವೆಲ್ಲ ಹಾಗೆಯೇ ಆಗಿದ್ದರೆ ಬದಲಿ ನೆಕ್‌ನ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬೇಕು.

ಶರೀರದ ನೇರ ಮತ್ತು ಹಳೆಯ ಗಾಯಗಳು

ಬಡಗಿ ರೀಪಿನ ನೇರ ನೋಡುವಂತೆ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಬೇಕು. ಕೆಳಗೆ ಬಿದ್ದ ವಾದ್ಯದ ಶರೀರ ಸ್ವಲ್ಪವೇ ಬಾಗಿದ್ದರೂ ಉದ್ದನೆಯ ಉಕ್ಕಿನ ಸರಳುಗಳು ಬಿಗಿಯುತ್ತವೆ, ಕೀಗಳು ಅಂಟಿಕೊಳ್ಳುತ್ತವೆ, ಸ್ವರರಂಧ್ರಗಳ ಅಂಚು ಸಮತಲ ಕಳೆದುಕೊಳ್ಳುತ್ತದೆ. ಬೆಲ್ ಮತ್ತು ಶರೀರವನ್ನು ಕೂಡಿಸುವ ಆಧಾರಪಟ್ಟಿಯ ಬಳಿ ಬೂದು ಬಣ್ಣದ ಬೆಸುಗೆಯ ಹನಿಗಳು ಕಂಡರೆ ಅಲ್ಲಿ ಹಿಂದೊಮ್ಮೆ ಮುರಿದು ಜೋಡಿಸಿದ್ದಾರೆಂದು ಅರ್ಥ.

ನೆಕ್‌ನ ಕಮಾನನ್ನು ಬದಿಯಿಂದ ನೋಡಬೇಕು. ಮೌತ್‌ಪೀಸನ್ನು ಒರಟಾಗಿ ಒತ್ತಿ ಕೂರಿಸುವ ಅಭ್ಯಾಸವುಳ್ಳವರ ಕೈಯಲ್ಲಿ ಆ ಕಮಾನು ನಿಧಾನವಾಗಿ ಕೆಳಕ್ಕೆ ಕುಸಿಯುತ್ತದೆ. ಕುಸಿದ ನೆಕ್‌ನ ಅಡಿಯಲ್ಲಿ ಸಣ್ಣ ಸುಕ್ಕುಗಳಿರುತ್ತವೆ. ಅಡ್ಡಕೊಯ್ತ ವೃತ್ತಾಕಾರ ಕಳೆದುಕೊಂಡು ಮೊಟ್ಟೆಯಾಕಾರವಾಗಿರುತ್ತದೆ. ನುರಿತವರು ಇದನ್ನು ಎತ್ತಿ ನೇರಗೊಳಿಸಬಲ್ಲರು, ಆದರೆ ಅದಕ್ಕೆ ವೆಚ್ಚವಿದೆ.

ನೆಗ್ಗುಗಳಲ್ಲಿ ಎರಡು ವಿಧ. ಕೆಳಗಿನ ಬಾಗು ಅಥವಾ ಬೆಲ್‌ನಲ್ಲಿರುವ ಸಣ್ಣ ನೆಗ್ಗು ನಾದಕ್ಕೆ ಅಷ್ಟೇನೂ ಅಡ್ಡಿಯಲ್ಲ. ನೆಕ್‌ನಲ್ಲಿ ಅಥವಾ ಸ್ವರರಂಧ್ರದ ಅಂಚಿನಲ್ಲಿರುವುದು ಎಷ್ಟೇ ಚಿಕ್ಕದಾದರೂ ಗಂಭೀರ. ಕಾನ್ ವಾದ್ಯಗಳ ಮಡಿಸಿದ ಅಂಚನ್ನು ಅರಿಯದ ಕೈಗಳು ಅರದಿಂದ ಉಜ್ಜಿ ಸಮ ಮಾಡಹೋದರೆ ಮಡಿಕೆಯೇ ತೂತಾಗುತ್ತದೆ. ಬುಶರ್ ವಾದ್ಯಗಳ ಹಲವು ಮಾದರಿಗಳಲ್ಲಿ ಪ್ಯಾಡುಗಳನ್ನು ಅಂಟಿಸದೆ ಗುಂಡಿಯಂತೆ ಒತ್ತಿ ಕೂರಿಸುವ ವ್ಯವಸ್ಥೆಯಿದೆ. ಹಿಂದಿನ ದುರಸ್ತಿಗಾರರು ಆ ಮೊಳೆಗಳನ್ನು ಕತ್ತರಿಸಿ ಹಾಕಿದ್ದರೆ ಅಲ್ಲಿಯೂ ಬೆಲೆ ತಗ್ಗುತ್ತದೆ. ವಾದ್ಯಕ್ಕೆ ವಯಸ್ಸಿಗಿಂತ ಹೆಚ್ಚು ಹಾನಿ ಮಾಡುವುದು ಅರೆಬರೆ ದುರಸ್ತಿಯೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಕೀ, ಸರಳು, ಸ್ಪ್ರಿಂಗ್

ಒಂದೊಂದೇ ಕೀಯನ್ನು ಬೆರಳುಗಳಲ್ಲಿ ಹಿಡಿದು ಮೇಲೆ ಕೆಳಗೆ ಒತ್ತದೆ ಅಕ್ಕಪಕ್ಕಕ್ಕೆ ಅಲುಗಾಡಿಸಿ ನೋಡಬೇಕು. ಸದ್ದು ಮಾಡುತ್ತ ಓಲಾಡುವ ಕೀ ಪ್ರತಿ ಬಾರಿಯೂ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಪ್ಯಾಡ್ ಎಷ್ಟೇ ಹೊಸದಾದರೂ ಗಾಳಿ ನಿಲ್ಲುವುದಿಲ್ಲ. ಪ್ಯಾಡ್ ಬದಲಾಯಿಸುವುದಕ್ಕಿಂತ ಈ ಸವಕಳಿಯನ್ನು ಸರಿಪಡಿಸುವುದು ಹೆಚ್ಚು ಶ್ರಮದ ಕೆಲಸ.

ಕರಾವಳಿಯ ಉಪ್ಪುಗಾಳಿ ಹಿತ್ತಾಳೆಗಿಂತ ಉಕ್ಕಿಗೆ ದೊಡ್ಡ ಶತ್ರು. ಸೂಜಿಯಂತಹ ಸ್ಪ್ರಿಂಗುಗಳು ತುಕ್ಕು ಹಿಡಿದಿದ್ದರೆ ಕಾರ್ಯಕ್ರಮದ ನಡುವೆಯೇ ಮುರಿಯಬಹುದು. ಸರಳುಗಳ ತಿರುಪು ಜಡವಾಗಿ ಕಚ್ಚಿಕೊಂಡಿದ್ದರೆ ಬಿಚ್ಚುವಾಗ ಕಂಬವೇ ಕಿತ್ತುಬರುವ ಅಪಾಯವಿದೆ. ಮಾರುವವರ ಅನುಮತಿ ಪಡೆದು, ಸರಿಯಾದ ಅಳತೆಯ ತಿರುಪುಳಿಯಿಂದ ಒಂದೆರಡು ತಿರುಪುಗಳನ್ನು ಮೆಲ್ಲಗೆ ಕಾಲು ಸುತ್ತು ತಿರುಗಿಸಿ ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ.

ಸೋರಿಕೆಯ ಪರೀಕ್ಷೆ

ಸ್ಯಾಕ್ಸೋಫೋನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ವರರಂಧ್ರಗಳಿವೆ. ಪ್ರತಿಯೊಂದನ್ನೂ ಉಣ್ಣೆಯ ಫೆಲ್ಟಿನ ಮೇಲೆ ತೆಳುವಾದ ಚರ್ಮ ಹೊದಿಸಿದ ಪ್ಯಾಡ್ ಮುಚ್ಚುತ್ತದೆ. ಈ ಪ್ಯಾಡುಗಳನ್ನು ಮುಚ್ಚಳದೊಳಗೆ ಹಿಡಿದಿಡಲು ಪರಂಪರಾಗತವಾಗಿ ಬಳಸುವುದು ಅರಗನ್ನು. ಒಂದೇ ಒಂದು ಪ್ಯಾಡ್ ಕೂದಲೆಳೆಯಷ್ಟು ಮೇಲೆ ನಿಂತರೂ ಅದರ ಕೆಳಗಿನ ಸ್ವರಗಳೆಲ್ಲ ಬಳಲುತ್ತವೆ.

ಪರೀಕ್ಷೆಗೆ ದುಬಾರಿ ಸಾಧನ ಬೇಕಿಲ್ಲ. ಕೋಣೆಯನ್ನು ಕತ್ತಲಾಗಿಸಿ, ಎಲ್‌ಇಡಿ ದೀಪದ ತೆಳ್ಳನೆಯ ಸರವೊಂದನ್ನು ಶರೀರದೊಳಗೆ ಇಳಿಬಿಟ್ಟು, ಕೀಗಳನ್ನು ಒಂದೊಂದಾಗಿ ಮೆಲ್ಲಗೆ ಮುಚ್ಚಬೇಕು. ಬೆಳಕು ಇಣುಕಿದೆಡೆ ಗಾಳಿಯೂ ನುಸುಳುತ್ತದೆ. ಇನ್ನೊಂದು ವಿಧಾನ ತೆಳು ಟಿಶ್ಯೂ ಕಾಗದದ್ದು. ಅದರ ಕಿರುಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು, ಕೀ ಮುಚ್ಚಿ ಎಳೆದಾಗ ಸುತ್ತಲೂ ಒಂದೇ ಬಗೆಯ ಹಿಡಿತ ಸಿಗಬೇಕು. ನೆಕ್‌ನ ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ, ಮೇಲಿನ ಸಣ್ಣ ರಂಧ್ರದ ಪ್ಯಾಡ್ ಮುಚ್ಚಿರುವಂತೆಯೇ ಇನ್ನೊಂದು ತುದಿಯಿಂದ ಊದಿದರೆ ಬೆಸುಗೆಯ ಬಿರುಕುಗಳು ಗೊತ್ತಾಗುತ್ತವೆ.

ಕೊನೆಯದು ನುಡಿಸಿ ನೋಡುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ವಾದ್ಯದ ಹಳೆಯ ಒಡೆಯರು ವರ್ಷಗಟ್ಟಲೆ ಅದೇ ವಾದ್ಯವನ್ನು ನುಡಿಸಿ, ಸೋರುವ ಕೀಯನ್ನು ಅರಿವಿಲ್ಲದೆಯೇ ಬಿಗಿಯಾಗಿ ಒತ್ತುವ ಅಭ್ಯಾಸ ಬೆಳೆಸಿಕೊಂಡಿರುತ್ತಾರೆ. ಅವರ ಕೈಯಲ್ಲಿ ವಾದ್ಯ ಇಂಪಾಗಿಯೇ ನುಡಿಯುತ್ತದೆ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಕೊಳ್ಳುವವರ ಬೆರಳುಗಳಿಗೆ ಆ ಅಭ್ಯಾಸವಿಲ್ಲ. ಆದುದರಿಂದ ತಮ್ಮದೇ ಮೌತ್‌ಪೀಸ್ ಮತ್ತು ರೀಡ್ ಜೋಡಿಸಿಕೊಂಡು, ಬೆರಳುಗಳನ್ನು ಹಗುರವಾಗಿಟ್ಟು, ಅತ್ಯಂತ ಕೆಳಗಿನ ಸ್ವರವನ್ನು ಮೆಲುದನಿಯಲ್ಲಿ ಹಿಡಿಯಲು ಯತ್ನಿಸಬೇಕು. ಅದು ತೊದಲದೆ, ಮೇಲಿನ ಸ್ಥಾಯಿಗೆ ಜಿಗಿಯದೆ ನಿಂತರೆ ವಾದ್ಯದ ಉಸಿರು ಗಟ್ಟಿಯಾಗಿದೆ. ಬಳಿಕ ಒಂದೊಂದೇ ಸ್ವರವನ್ನು ಟ್ಯೂನರ್‌ನೊಂದಿಗೆ ಹೋಲಿಸುತ್ತ ತುದಿಯವರೆಗೆ ಏರಬೇಕು. ಹಳೆಯ ವಾದ್ಯಗಳನ್ನು ವಿಶಾಲ ಒಡಲಿನ ಮೌತ್‌ಪೀಸುಗಳಿಗೆ ತಕ್ಕಂತೆ ರೂಪಿಸಲಾಗಿತ್ತು. ಹೊಸ ಬಗೆಯ ಮೌತ್‌ಪೀಸಿನಲ್ಲಿ ಸ್ವರ ಹೊಂದದಿದ್ದರೆ ಕೂಡಲೇ ವಾದ್ಯವನ್ನು ದೂರದೆ ಹಳೆಯ ಬಗೆಯದನ್ನೂ ಜೋಡಿಸಿ ನೋಡುವುದು ನ್ಯಾಯ.

ಮಳೆಗಾಲದಲ್ಲಿ ಪರೀಕ್ಷಿಸುವವರು ತೇವಾಂಶವನ್ನೂ ಗಮನಿಸಬೇಕು. ಉಬ್ಬಿದ ಪ್ಯಾಡ್ ಜುಲೈಯಲ್ಲಿ ಮುಚ್ಚಿದಂತೆ ಕಂಡು, ಒಣಹವೆಯ ಜನವರಿಯಲ್ಲಿ ಸೋರಲಾರಂಭಿಸಬಹುದು. ಪೆಟ್ಟಿಗೆ ತೆರೆದೊಡನೆ ಬೂಷ್ಟಿನ ವಾಸನೆ ಬಂದರೆ ಪ್ಯಾಡುಗಳೆಲ್ಲವನ್ನೂ ಬದಲಾಯಿಸಬೇಕಾದೀತೆಂಬ ಅಂದಾಜಿನಿಂದಲೇ ಮಾತು ಮುಂದುವರಿಸುವುದು ಕ್ಷೇಮ.

ಬೆಲೆಯ ಲೆಕ್ಕ

ಪರೀಕ್ಷೆಯಲ್ಲಿ ಕಂಡ ದೋಷಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಬೇಕು. ಏರು ಶ್ರುತಿ, ಕಳೆದುಹೋದ ನೆಕ್, ಉಜ್ಜಿ ತೆಳುವಾದ ಲೋಹ, ಒಳಗಿನಿಂದ ಟೊಳ್ಳಾದ ಹಿತ್ತಾಳೆ ಇವು ಮೊದಲ ಪಟ್ಟಿಯವು. ಹಣ ಸುರಿದರೂ ಪೂರ್ತಿಯಾಗಿ ಸರಿಹೋಗದವು. ಪ್ಯಾಡ್, ಕಾರ್ಕ್, ಸ್ಪ್ರಿಂಗ್, ಸಣ್ಣ ನೆಗ್ಗು, ಬಿಟ್ಟುಹೋದ ಬೆಸುಗೆ ಇವು ಎರಡನೆಯ ಪಟ್ಟಿಯವು. ಇಷ್ಟು ಹಣಕ್ಕೆ ಸರಿಹೋಗುತ್ತದೆಂದು ಮೊದಲೇ ಅಂದಾಜು ಮಾಡಬಹುದಾದವು. ಮೊದಲ ಪಟ್ಟಿಯಲ್ಲಿ ಏನಾದರೂ ಇದ್ದರೆ ಅದು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ಎರಡನೆಯ ಪಟ್ಟಿಯದು ಎಷ್ಟಕ್ಕೆ ಕೊಳ್ಳಬೇಕೆಂಬ ಪ್ರಶ್ನೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಅದೇ ಮಾದರಿಯ, ಸುಸ್ಥಿತಿಯಲ್ಲಿರುವ ವಾದ್ಯದ ಬೆಲೆ 1,50,000 ರೂಪಾಯಿ ಎಂದಿರಲಿ. ಎಲ್ಲ ಪ್ಯಾಡು, ಕಾರ್ಕ್, ಸ್ಪ್ರಿಂಗುಗಳ ಬದಲಾವಣೆಯೂ ಸೇರಿದ ಸಮಗ್ರ ದುರಸ್ತಿಗೆ 45,000. ನೆಕ್ ನೇರಗೊಳಿಸಿ ಬೆಸುಗೆ ಸರಿಪಡಿಸಲು 10,000. ಪೆಟ್ಟಿಗೆ, ಸಾಗಣೆ, ಓಡಾಟಕ್ಕೆ 10,000 ಎಂದಿಟ್ಟುಕೊಂಡರೆ ಒಟ್ಟು 65,000 ಆಗುತ್ತದೆ. ಬಿಚ್ಚಿದ ಮೇಲೆ ಮಾತ್ರ ಗೋಚರಿಸುವ ದೋಷಗಳಿಗಾಗಿ ನೂರಕ್ಕೆ ಹತ್ತರಂತೆ ಇನ್ನೂ 15,000 ಕಾಯ್ದಿರಿಸಬೇಕು. ಉಳಿಯುವುದು 70,000. ಮಾರುವವರು 1,10,000 ಕೇಳುತ್ತಿದ್ದರೆ, ಎಷ್ಟೇ ಪ್ರಸಿದ್ಧ ಹೆಸರಿನ ವಾದ್ಯವಾದರೂ ಕೊಳ್ಳುವವರು ನಷ್ಟವನ್ನೇ ಮನೆಗೆ ತಂದಂತೆ. ಇಷ್ಟಾಗಿಯೂ ಸಮಗ್ರ ದುರಸ್ತಿಗೆ ವಾರಗಳೇ ಹಿಡಿಯಬಹುದು. ದೀಪಾವಳಿಯ ಬಳಿಕದ ಮೊದಲ ಕಾರ್ಯಕ್ರಮಕ್ಕೆ ವಾದ್ಯ ಸಿದ್ಧವಾಗಬೇಕಾದರೆ ನಿರ್ಧಾರ ಮಳೆಗಾಲದಲ್ಲೇ ಆಗಬೇಕು.

ಹೊಸ ವಾದ್ಯದೊಂದಿಗೆ ಹೋಲಿಕೆಯೂ ಅಗತ್ಯ. ಜಪಾನಿನ ಯಮಾಹಾ ವಾದ್ಯಗಳು, ತೈವಾನಿನ ತೈಚುಂಗ್ ಬಳಿಯ ಹೌಲಿ ಪ್ರದೇಶದಲ್ಲಿ ತಯಾರಾಗುವ ವಾದ್ಯಗಳು ಮಾರುಕಟ್ಟೆಯಲ್ಲಿವೆ. ಬ್ಯಾಂಡ್ ವಾದ್ಯಗಳಿಗೆ ಉತ್ತರ ಪ್ರದೇಶದ ಮೀರತ್ ಹಳೆಯ ಕೇಂದ್ರ. ಹಳೆಯ ವಾದ್ಯದ ನಾದಕ್ಕೆ ತನ್ನದೇ ಆದ ಘನತೆಯಿರುವುದು ನಿಜ. ಆದರೆ ದಿನಕ್ಕೆ ಎರಡು ಕಡೆ ನುಡಿಸಬೇಕಾದ ಕಲಾವಿದನಿಗೆ ಕೈಕೊಡದ ವಾದ್ಯವೇ ಉತ್ತಮ ವಾದ್ಯ.

ಕಾನೂನಿನ ಕಡೆಯಿಂದ

1930ರ ಸರಕು ಮಾರಾಟ ಅಧಿನಿಯಮದ 41ನೆಯ ಪ್ರಕರಣ ಕೊಳ್ಳುವವರಿಗೆ ಸರಕನ್ನು ಪರಿಶೀಲಿಸಲು ತಕ್ಕ ಅವಕಾಶ ಕೇಳುವ ಹಕ್ಕು ನೀಡುತ್ತದೆ. ಆದರೆ ಹಕ್ಕಿನ ಜೊತೆಗೆ ಹೊಣೆಯೂ ಇದೆ. 16ನೆಯ ಪ್ರಕರಣದ ಪ್ರಕಾರ, ಅಂತಹ ಸರಕಿನ ವ್ಯಾಪಾರಿಯಿಂದ ವಿವರಣೆಯ ಮೇರೆಗೆ ಕೊಂಡ ಸರಕು ಮಾರಾಟಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಅನ್ವಯಿಸುತ್ತದೆ. ಆದರೆ ಕೊಳ್ಳುವವರು ಸರಕನ್ನು ಪರಿಶೀಲಿಸಿದ್ದಲ್ಲಿ, ಆ ಪರಿಶೀಲನೆಯಿಂದ ತಿಳಿಯಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ಸಿಗದು. ಅಂದರೆ ಕಣ್ಣೆದುರಿಗಿದ್ದ ಬಾಗಿದ ನೆಕ್‌ನ ಬಗ್ಗೆ ಖರೀದಿಯ ನಂತರ ತಕರಾರು ತೆಗೆಯುವುದು ಕಷ್ಟ.

ಹಳೆಯ ವಾದ್ಯಗಳ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ನೋಂದಾಯಿತ ವರ್ತಕರಿಗೆ ಕೇಂದ್ರ ಜಿಎಸ್‌ಟಿ ನಿಯಮಗಳ 32(5)ನೆಯ ನಿಯಮ ಒಂದು ಅನುಕೂಲ ಒದಗಿಸುತ್ತದೆ. ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ ತೆರಿಗೆಯನ್ನು ಪೂರ್ಣ ಬೆಲೆಯ ಮೇಲೆ ವಿಧಿಸದೆ ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲೆ ಮಾತ್ರ ವಿಧಿಸಲಾಗುತ್ತದೆ. ವಿದೇಶದಿಂದ ತರಿಸುವ ಯೋಚನೆಯುಳ್ಳವರು ಎಚ್ಚರ ವಹಿಸಬೇಕು. ವಿದೇಶ ವ್ಯಾಪಾರ ನೀತಿ 2023ರ ಮೇರೆಗೆ ಬಂಡವಾಳ ಸರಕುಗಳಲ್ಲದ ಹಳೆಯ ಸಾಮಗ್ರಿಗಳ ಆಮದು ನಿರ್ಬಂಧಿತವಾಗಿದ್ದು, ಅದಕ್ಕೆ ಅಧಿಕೃತ ಅನುಮತಿ ಬೇಕು. ಹಣ ಕಳುಹಿಸುವ ಮುನ್ನ ಸುಂಕ ಸಲಹೆಗಾರರನ್ನು ವಿಚಾರಿಸುವುದು ವಿವೇಕ.

ಒಂದು ಹಾಳೆಯ ಸ್ಥಿತಿಪತ್ರ

ಇಷ್ಟೆಲ್ಲ ತೊಡಕುಗಳಿಗೆ ಸರಳ ಪರಿಹಾರವೊಂದಿದೆ. ಮಾರಾಟದ ಸಮಯದಲ್ಲಿ ಇಬ್ಬರೂ ಸಹಿ ಮಾಡಿದ ಒಂದು ಹಾಳೆಯ ಸ್ಥಿತಿಪತ್ರ. ಅದರಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ನೆಕ್‌ನ ಸಂಖ್ಯೆ, ಶ್ರುತಿ; ಲೇಪ ಮೂಲದ್ದೇ ಅಥವಾ ಮತ್ತೆ ಹಚ್ಚಿದ್ದೇ ಎಂಬುದು; ಕಂಡ ನೆಗ್ಗು ಮತ್ತು ಬೆಸುಗೆಗಳು; ಕೊನೆಯ ದುರಸ್ತಿ ಯಾವಾಗ, ಏನೇನು ಎಂಬುದು; ಪರೀಕ್ಷೆಯ ದಿನ ಯಾವ ಸ್ವರಗಳು ಸರಿಯಾಗಿ ನುಡಿದವು, ಯಾವುವು ನುಡಿಯಲಿಲ್ಲ ಎಂಬುದು. ಇಷ್ಟಿದ್ದರೆ ಸಾಕು. ಜೊತೆಗೆ ನಾಲ್ಕಾರು ಛಾಯಾಚಿತ್ರಗಳಿದ್ದರೆ ಇನ್ನೂ ಒಳಿತು.

ಈ ಹಾಳೆಯಿಂದ ಹೆಚ್ಚು ಲಾಭ ಕೊಳ್ಳುವವರಿಗೆ ಎಂದು ತೋರುತ್ತದೆ. ವಾಸ್ತವವಾಗಿ ಮಾರುವವರಿಗೂ ಅದು ರಕ್ಷೆ. ದಿವಂಗತ ತಂದೆಯ ವಾದ್ಯವನ್ನು ಮಾರುವ ಮಗನಿಗೆ ಅದರ ಒಳಗುಟ್ಟುಗಳೆಲ್ಲ ತಿಳಿದಿರಬೇಕೆಂದಿಲ್ಲ. ತಿಳಿದುದನ್ನು ಬರೆದುಕೊಟ್ಟರೆ ಆತನ ಮಾತಿಗೆ ಬೆಲೆ ಬರುತ್ತದೆ, ತಂದೆಯ ವಾದ್ಯಕ್ಕೆ ನ್ಯಾಯವಾದ ಬೆಲೆ ಸಿಗುತ್ತದೆ. ಕೊಂಡವನಿಗೆ ಮುಂದಿನ ಋತುವಿನಲ್ಲಿ ಅಂಗಳದಲ್ಲಿ ನಿಂತು ನುಡಿಸುವಾಗ ಕೆಳಗಿನ ಸ್ವರ ಕೈಕೊಡುವುದೋ ಎಂಬ ಅಳುಕು ಇರುವುದಿಲ್ಲ. ಹಳೆಯ ವಸ್ತುವಿನ ವ್ಯಾಪಾರದಲ್ಲಿ ಎರಡೂ ಕಡೆಯವರು ನೆಮ್ಮದಿಯಿಂದ ಮನೆಗೆ ಮರಳುವುದಕ್ಕಿಂತ ಉತ್ತಮ ವಹಿವಾಟು ಬೇರೊಂದಿಲ್ಲ.